ಸೂರ್ಯದರ್ಶನಕ್ಕೆ ತಕ್ಕ ಗಾಜು

ಸಹಸ್ರರಶ್ಮಿಯಾದ ಸೂರ್ಯನು ಲೋಕಕ್ಕೆ ಕಣ್ಣಾದರೂ, ಅವನನ್ನು ನೇರಾಗಿ ನೋಡಹೊರಟ ಕಣ್ಣನ್ನು ಸುಡದೆ ಬಿಡನು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಆದುದರಿಂದ ಸುಟ್ಟುದು ಆ ಕ್ಷಣದಲ್ಲಿ ತಿಳಿಯುವುದೂ ಇಲ್ಲ. ಗ್ರಹಣಕಾಲದಲ್ಲಿ ಹರಿವಾಣದ ನೀರಿನಲ್ಲಿ ಬಿಂಬವನ್ನು ನೋಡುವ ರೂಢಿ ಕನ್ನಡನಾಡಿನ ಮನೆಗಳಲ್ಲಿ ಹಳೆಯದು. ಆದರೆ ಸೂರ್ಯನು ನೆತ್ತಿಯ ಬಳಿಯಿರುವಾಗ ನೀರು ನೂರರಲ್ಲಿ ಸುಮಾರು 2 ಪಾಲು ಬೆಳಕನ್ನು ಹಿಂದಿರುಗಿಸುತ್ತದೆ. ಕಣ್ಣಿಗೆ ಸಲ್ಲುವುದಾದರೋ ಲಕ್ಷದಲ್ಲಿ ಒಂದು ಪಾಲು ಮಾತ್ರ.

ತಕ್ಕ ಗಾಜನ್ನು ಅರಸಿದ ಚರಿತ್ರೆಯಲ್ಲಿ 1800ನೆಯ ಇಸವಿ ಸ್ಮರಣೀಯವಾದುದು. ವಿಲಿಯಂ ಹರ್ಷೆಲನು ದೂರದರ್ಶಕದಿಂದ ಸೂರ್ಯನನ್ನು ನೋಡಲು ಬಣ್ಣಬಣ್ಣದ ಗಾಜುಗಳನ್ನು ಪರೀಕ್ಷಿಸುತ್ತಿದ್ದನು. ಕೆಲವು ಗಾಜುಗಳು ಬೆಳಕನ್ನು ತಡೆದರೂ ಶಾಖವನ್ನು ಬಿಟ್ಟುಕೊಡುತ್ತಿದ್ದುವು. ಈ ವೈಚಿತ್ರ್ಯದ ಕಾರಣವನ್ನು ಹುಡುಕುತ್ತ, ಬಣ್ಣಗಳಾಗಿ ಒಡೆದ ಬೆಳಕಿನಲ್ಲಿ ಕೆಂಪಿನ ಆಚೆಗೆ ಉಷ್ಣಮಾಪಕವನ್ನಿಟ್ಟು, ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಆತನು ಕಂಡುಹಿಡಿದನು. ಗಾಜು ಕಪ್ಪಾಗಿದ್ದ ಮಾತ್ರಕ್ಕೆ ಕ್ಷೇಮವಲ್ಲವೆಂಬುದಕ್ಕೆ ಇದೇ ಪ್ರಮಾಣ.

ಆತನ ಮೊಮ್ಮಗ ಜಾನ್ ಹರ್ಷೆಲನು 1868ರ ಆಗಸ್ಟ್ 18ರಂದು ಕನ್ನಡನಾಡಿನ ಜಮಖಂಡಿಯಲ್ಲಿ ಪೂರ್ಣಗ್ರಹಣವನ್ನು ನೋಡಿದನು. ಬೀದರ ಪ್ರಾಂತವು ಆ ನೆರಳಿನ ದಾರಿಗೆ ಉತ್ತರದಲ್ಲಿತ್ತು. ಬಿಂಬದ ಅಂಚಿನ ಕೆಂಪು ಜ್ವಾಲೆಗಳ ಬೆಳಕು ಉಜ್ವಲವಾದ ಬಿಡಿರೇಖೆಗಳಾಗಿ ಆತನ ವರ್ಣದರ್ಶಕದಲ್ಲಿ ತೋರಿತು. ಅವು ಉರಿಯುವ ಅನಿಲವೆಂದು ಇದರಿಂದ ತಿಳಿಯಿತು. ಗುಂಟೂರಿನಲ್ಲಿದ್ದ ಜಾನ್ಸೆನನು ಮರುದಿನ, ಗ್ರಹಣವಿಲ್ಲದ ಹಗಲಿನಲ್ಲಿಯೇ, ಆ ರೇಖೆಗಳ ಸಹಾಯದಿಂದ ಜ್ವಾಲೆಗಳನ್ನು ಕಂಡನು. ಎಲ್ಲ ಬೆಳಕನ್ನೂ ಕುಗ್ಗಿಸುವುದು ಒಂದು ಮಾರ್ಗ, ಒಂದೇ ಬಣ್ಣವನ್ನು ಆರಿಸಿಕೊಳ್ಳುವುದು ಮತ್ತೊಂದು ಎಂಬುದು ಆಗ ಸ್ಪಷ್ಟವಾಯಿತು. ಈ ಎರಡನೆಯ ಮಾರ್ಗದಿಂದಲೇ ಕೊಡೈಕೆನಾಲಿನ ವೇಧಶಾಲೆಯು ಇಪ್ಪತ್ತನೆಯ ಶತಮಾನದ ಆದಿಯಿಂದ ಸೂರ್ಯನ ಚಿತ್ರಗಳನ್ನು ಸಂಗ್ರಹಿಸಿತು.

ಇಂದು ಗಾಜನ್ನು ಆರಿಸುವವರಿಗೂ ಇದೇ ವಿವೇಕ. ಕಲೆಗಳನ್ನೂ, ಸುಮಾರು 1,000 ಕಿಲೋಮೀಟರ್ ಅಗಲದ ಕಾಳುಗಳಂಥ ರಚನೆಯನ್ನೂ ನೋಡಬೇಕಾದರೆ ಲಕ್ಷದಲ್ಲಿ ಒಂದು ಪಾಲನ್ನು ಬಿಡುವ ಫಿಲ್ಟರು ಸಾಕು. ಜ್ವಾಲೆಗಳನ್ನು ನೋಡಲು 656.3 ನ್ಯಾನೊಮೀಟರಿನ ಜಲಜನಕದ ಕೆಂಪನ್ನು ಮಾತ್ರ ಬಿಡುವ, ಸೂರ್ಯನಿಗೆಂದೇ ರಚಿತವಾದ ಸಾಧನ ಬೇಕು. ಮೊದಲನೆಯ ಫಿಲ್ಟರನ್ನು ದೂರದರ್ಶಕದ ಮುಂಬಾಯಿಗೇ ಭದ್ರವಾಗಿ ಕಟ್ಟತಕ್ಕದ್ದು. ಕಣ್ಣಿನ ಬಳಿ ತಿರುಗಿಸಿ ಕೂರಿಸುವ ಹಳೆಯ ಕರಿಗಾಜು, ಒಟ್ಟುಗೂಡಿದ ತಾಪದಿಂದ ಒಡೆದರೆ, ರೆಪ್ಪೆ ಮುಚ್ಚುವುದರೊಳಗೆ ದೃಷ್ಟಿ ಹೋದೀತು. ಮಸಿ ಹಿಡಿಸಿದ ಗಾಜೂ, ಕ್ಷಕಿರಣದ ಹಾಳೆಯೂ ತ್ಯಾಜ್ಯ. ಫಿಲ್ಟರಿಲ್ಲದವರು ಬಿಂಬವನ್ನು ಬಿಳಿಯ ಕಾಗದದ ಮೇಲೆ ಬೀಳಿಸಿ ಕಾಗದವನ್ನು ನೋಡಲಿ; ಮಕ್ಕಳನ್ನು ದೂರದರ್ಶಕದ ಕಣ್ಣಿನ ತುದಿಯಿಂದ ದೂರವಿರಿಸಲಿ.

ಬೀದರದ ಕೆಂಪು ಜಂಬಿಟ್ಟಿಗೆಯ ನೆಲವೂ, ಭಾಲ್ಕಿ ಔರಾದಗಳ ಬಯಲೂ ಹೊತ್ತೇರಿದಂತೆ ಕಾಯುತ್ತವೆ. ಕಾದ ಗಾಳಿ ನಡುಗಿದರೆ ಬಿಂಬದ ಸೂಕ್ಷ್ಮಗಳೆಲ್ಲ ಅಳಿಸಿಹೋಗುತ್ತವೆ. ನೆಲ ಕಾಯುವುದಕ್ಕೆ ಮುಂಚಿನ ಬೆಳಗೇ ಇಲ್ಲಿ ಪ್ರಶಸ್ತವಾದ ಕಾಲ. ಗಾಜಿನಲ್ಲಿ ಗೀರಾಗಲಿ ತೂತಾಗಲಿ ಇಲ್ಲವೆಂದು ಪ್ರತಿಸಲವೂ ಪರೀಕ್ಷಿಸಿ, ಅನಂತರವೇ ಸೂರ್ಯನತ್ತ ತಿರುಗುವುದು ಯುಕ್ತ.