ನೂಲೆಳೆಯ ಗರಗಸ

ರಾಜ್ಯೋತ್ಸವದ ಸಂಚಿಕೆಗೆ ಚರಿತ್ರೆಗೆ ಸಂಬಂಧಪಟ್ಟುದೇನನ್ನಾದರೂ ಬರೆದುಕೊಡಿರೆಂದು ಸಂಘದ ಕಾರ್ಯದರ್ಶಿಗಳು ಕೇಳಿದಾಗ, ಕದಂಬರನ್ನೋ ಹೊಯ್ಸಳರನ್ನೋ ಕುರಿತು ಬರೆದೇನೆಂದು ಅವರು ಎಣಿಸಿದ್ದಿರಬೇಕು. ಅರಸರ ವಿಷಯವನ್ನು ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ಒಂದು ಗರಗಸದ ಚರಿತ್ರೆಯನ್ನು.

ಈ ಮುಂಬಯಿಯಲ್ಲಿ ಕನ್ನಡಿಗರ ಮನೆಗೆ ಹೋದರೆ, ಗೋಡೆಯ ಮೇಲೆ ಬೀಟೆಮರದ ಒಂದು ಹಲಗೆ ಬಹುಮಟ್ಟಿಗೆ ಕಾಣಸಿಗುತ್ತದೆ. ಅದರಲ್ಲಿ ಎತ್ತಿನ ಗಾಡಿಯೋ, ಆನೆಯ ಹಿಂಡೋ, ಸಂಜೆಯ ಹಳ್ಳಿಯೋ ಇರುತ್ತದೆ. ಮದುವೆಯಲ್ಲಿ ಬಂದ ಉಡುಗೊರೆಯಾಗಿರಬಹುದು, ದಸರೆಗೆ ಮೈಸೂರಿಗೆ ಹೋದವರು ತಂದುದಾಗಿರಬಹುದು. ನಾಲ್ಕು ಬಾಡಿಗೆಮನೆಗಳನ್ನು ಬದಲಾಯಿಸಿದರೂ ನಮ್ಮ ಮನೆಯ ಹಲಗೆ ನಮ್ಮ ಸಂಗಡವೇ ಬಂದಿದೆ. ಅದರ ಮೇಲೆ ಬೆರಳಾಡಿಸಿ ನೋಡಿರಿ: ಬಣ್ಣ ಬಳಿದ ಚಿತ್ರವಲ್ಲ ಅದು. ಎತ್ತಿನ ಮೈ ಒಂದು ಮರ, ಕೊಂಬು ಇನ್ನೊಂದು, ಗಾಡಿಯ ಗಾಲಿ ಮತ್ತೊಂದು. ಬೇರೆ ಬೇರೆ ಮರದ ಚೂರುಗಳನ್ನು ಕೊಯ್ದು ಹಲಗೆಯಲ್ಲಿ ಕೂಡಿಸಿದ್ದಾರೆ. ಕಡಲೆಕಾಳಿನಷ್ಟು ಸಣ್ಣ ಚೂರನ್ನು ಹೀಗೆ ಬಳುಕುಬಳುಕಾಗಿ ಕೊಯ್ಯುವುದು ಹೇಗೆ?

ಬಡಗಿಯ ದೊಡ್ಡ ಗರಗಸ ನೇರವಾಗಿ ಹೋಗುತ್ತದೆ, ತಿರುಗೆಂದರೆ ತಿರುಗದು. ಫ್ರೆಟ್ ಸಾ ಎಂಬ ಗರಗಸದ ಅಲಗಾದರೋ ದಪ್ಪ ನೂಲಿನಷ್ಟೇ ಇರುತ್ತದೆ. ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಕಬ್ಬಿಣದ ಚೌಕಟ್ಟಿಗೆ ಅದನ್ನು ವೀಣೆಯ ತಂತಿಯಂತೆ ಬಿಗಿದಿರುತ್ತಾರೆ. ಹಲಗೆಯ ನಡುವೆ ಕೊಯ್ಯಬೇಕಾದರೆ ಬೈರಿಗೆಯಿಂದ ಒಂದು ತೂತು ಕೊರೆದು, ಅಲಗನ್ನು ಬಿಚ್ಚಿ, ಆ ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿದರಾಯಿತು. ಅಂಚನ್ನು ಮುಟ್ಟದೆಯೇ ಒಳಗಿನ ಹೂವನ್ನು ಕತ್ತರಿಸಿ ತೆಗೆಯಬಹುದು. ಜರ್ಮನರು ಇದನ್ನು ಎಲೆಗರಗಸವೆಂಬ ಅರ್ಥದ ಮಾತಿನಿಂದ ಕರೆಯುತ್ತಾರೆ. ಇದೇ ಅಲಗನ್ನು ಕಾಲಿನಿಂದಲೋ ವಿದ್ಯುತ್ತಿನಿಂದಲೋ ಮೇಲೆಕೆಳಗೆ ಆಡಿಸುವ ಯಂತ್ರವೇ ಸ್ಕ್ರೋಲ್ ಸಾ.

ಇದರ ವೈಭವದ ಕಾಲ ಆರಂಭವಾದುದು ಫ್ರಾನ್ಸಿನಲ್ಲಿ. ಆಂದ್ರೆ ಶಾರ್ಲ್ ಬೂಲ್ (1642–1732) ಎಂಬ ಕುಶಲಿಗೆ 14ನೆಯ ಲೂಯಿ ದೊರೆಯು 1672ರಲ್ಲಿ ಲೂವ್ರ್ ಅರಮನೆಯಲ್ಲಿಯೇ ಬಿಡಾರ ಕೊಟ್ಟನು. ಬೂಲನು ಆಮೆಯ ಚಿಪ್ಪಿನ ಹಾಳೆಯನ್ನೂ ಹಿತ್ತಾಳೆಯ ತಗಡನ್ನೂ ಒಂದರ ಮೇಲೊಂದಿಟ್ಟು ಒಟ್ಟಿಗೇ ಕೊಯ್ಯುತ್ತಿದ್ದನು. ಕೊಯ್ದ ಮೇಲೆ ಅದಲುಬದಲು ಮಾಡಿ ಕೂಡಿಸಿದರೆ, ಚಿಪ್ಪಿನಲ್ಲಿ ಹಿತ್ತಾಳೆಯ ಬಳ್ಳಿ ಒಂದು, ಹಿತ್ತಾಳೆಯಲ್ಲಿ ಚಿಪ್ಪಿನ ಬಳ್ಳಿ ಇನ್ನೊಂದು, ಹೀಗೆ ಒಂದು ಕೆಲಸಕ್ಕೆ ಎರಡು ಚಿತ್ರ! ಕಸವೂ ಹೆಚ್ಚು ಉಳಿಯದು. ಈ ಮಿತವ್ಯಯವನ್ನು ನಮ್ಮ ಅಜ್ಜಿಯರೂ ಮೆಚ್ಚುತ್ತಿದ್ದರು. ಕೆಲಸದಲ್ಲಿ ಇಷ್ಟು ಲೆಕ್ಕವಿದ್ದರೂ ಬೂಲನು ಸಂಸಾರದಲ್ಲಿ ಸಾಲಗಾರನಾಗಿಯೇ ಇದ್ದನು. 1720ರಲ್ಲಿ ಬೆಂಕಿ ಬಿದ್ದು ಅವನ ಕಾರ್ಖಾನೆಯೂ ಸುಟ್ಟುಹೋಯಿತು.

ಲಂಡನ್ನಿನಲ್ಲಿ 1760ರ ದಶಕದಲ್ಲಿ ಜಾನ್ ಸ್ಪಿಲ್ಸ್‌ಬರಿ ಎಂಬ ನಕ್ಷೆಗಾರನು ಭೂಪಟವನ್ನು ಮಹಾಗನಿ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯುದ್ದಕ್ಕೂ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸಲೆಂದು ಮಾರಿದನು. ಜಿಗ್‌ಸಾ ಎಂದು ಇಂದು ಅಂಗಡಿಗಳಲ್ಲಿ ಮಾರುವ ಜೋಡಿಸುವ ಆಟಕ್ಕೆ ಮೂಲ ಅದೇ. ಆತ ಬದುಕಿದ್ದುದು 1769ರವರೆಗೆ ಮಾತ್ರ.

ಇಷ್ಟರವರೆಗೆ ಇದು ಕಸುಬುದಾರರ ಗರಗಸ. ಹವ್ಯಾಸದ ಗರಗಸವಾದುದು 19ನೆಯ ಶತಮಾನದ ಉತ್ತರಾರ್ಧದಲ್ಲಿ. ಅಮೆರಿಕದ ಇಲಿನಾಯ್ ಪ್ರಾಂತದ ರಾಕ್‌ಫರ್ಡ್ ಪಟ್ಟಣದ ಬಾರ್ನ್ಸ್ ಎಂಬವರು, ಕುಳಿತು ಸೈಕಲ್ಲಿನಂತೆ ತುಳಿಯುವ ಯಂತ್ರವೊಂದನ್ನು ಮಾಡಿದರು. ಇಂಗ್ಲೆಂಡಿನ ನಾರ್ಫೋಕಿನಲ್ಲಿರುವ ಡೀರ್‌ಹ್ಯಾಮ್ ಎಂಬ ಸಣ್ಣ ಊರಿನಿಂದ 1895ರಲ್ಲಿ ‘ಹಾಬೀಸ್’ ಎಂಬ ವಾರಪತ್ರಿಕೆ ಹೊರಟಿತು. ಪತ್ರಿಕೆಯೊಡನೆ ಕೊಯ್ಯಲು ನಕ್ಷೆಯ ಹಾಳೆಯೂ ಬರುತ್ತಿತ್ತು. ಅದನ್ನು ತೆಳುಹಲಗೆಗೆ ಅಂಟಿಸಿ, ಗೆರೆಯ ಮೇಲೆ ಕೊಯ್ದು, ಉಪ್ಪುಕಾಗದದಿಂದ ಉಜ್ಜಿದರೆ ಫೋಟೋ ಚೌಕಟ್ಟೋ, ಗಡಿಯಾರದ ಗೂಡೋ, ಹೊಗೆಕೊಳವೆ ಇಡುವ ಪಟ್ಟಿಯೋ ಸಿದ್ಧ. ಗುಮಾಸ್ತರು, ಅಂಗಡಿಯವರು, ಶಾಲೆಯ ಹುಡುಗರು ಎಲ್ಲರೂ ಕೊಯ್ದರು. ಅದಕ್ಕೆ ಬೇಕಾದ ಜಾಗವೆಂದರೆ ಮೇಜಿನ ಒಂದು ಮೂಲೆ. ಇಕ್ಕಟ್ಟಿನ ಬಾಡಿಗೆಮನೆಗೆ ಇದಕ್ಕಿಂತ ಒಪ್ಪುವ ಮರಗೆಲಸ ಇನ್ನೊಂದಿಲ್ಲ. ಎಲ್ಲರ ಮನೆಯಲ್ಲೂ ಒಂದೇ ನಕ್ಷೆಯ ಚೌಕಟ್ಟಾಯಿತೆಂದು ಕಲಾರಸಿಕರು ಮೂಗು ಮುರಿಯಬಹುದು. ನನಗೇನೋ ದಿನವೆಲ್ಲ ಲೆಕ್ಕದ ಪುಸ್ತಕ ಬರೆದು ಬಂದವನು ರಾತ್ರಿ ಒಂದು ಗಂಟೆ ಹಲಗೆ ಕೊಯ್ದರೆ ತಪ್ಪೆಂದು ತೋರುವುದಿಲ್ಲ.

ಆದರೆ ಹವ್ಯಾಸವೆಂಬುದು ಹೊಟ್ಟೆ ತುಂಬಿದ ಮಾತು. 1909ರಲ್ಲಿ ಅಮೆರಿಕದಲ್ಲಿ ಜಿಗ್‌ಸಾ ಆಟದ ಹುಚ್ಚು ಎಷ್ಟು ಏರಿತೆಂದರೆ, ಪಾರ್ಕರ್ ಬ್ರದರ್ಸ್ ಕಂಪನಿಯವರು ಬೇರೆ ಆಟಗಳನ್ನೆಲ್ಲ ಬದಿಗಿಟ್ಟು ಇಡೀ ಕಾರ್ಖಾನೆಯನ್ನು ಇದಕ್ಕೇ ತೊಡಗಿಸಿದರು. ಕೊಯ್ಯುವವರು ಹೆಂಗಸರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡ ಎಷ್ಟೋ ಮಂದಿ ಮನೆಯಲ್ಲಿಯೇ ಇಂಥ ಆಟಗಳನ್ನು ಕೊಯ್ದು, ಮಾರಿ, ಕೆಲವೆಡೆ ಪುಸ್ತಕಗಳಂತೆ ಬಾಡಿಗೆಗೂ ಕೊಟ್ಟು ಕಾಲ ಹಾಕಿದರು. ನಿನ್ನೆಯ ವಿನೋದ ಇಂದಿನ ಕೂಲಿಯಾಯಿತು.

ಮೈಸೂರಿನಲ್ಲಿ ಅದು ಮೊದಲಿನಿಂದಲೂ ಕೂಲಿಯೇ. (ಚನ್ನಪಟ್ಟಣದ ಬೊಂಬೆಗಳನ್ನು ಇದರೊಡನೆ ಬೆರೆಸಬಾರದು, ಅವು ಹಾಲೆಮರದಿಂದ ತಿರುಗಣಿಯ ಮೇಲೆ ಹುಟ್ಟುವಂಥವು. ಸಾಗರ, ಸೊರಬಗಳ ಗುಡಿಗಾರರದು ಉಳಿಯ ಕೆಲಸ.) ಮೈಸೂರಿನ ಕುಶಲಿ ಮೊದಲು ಕಾಗದದ ಮೇಲೆ ಚಿತ್ರ ಬರೆಯುತ್ತಾನೆ; ಹಳದಿಗೆ ಹಲಸು, ಬೇರೆ ಬಣ್ಣಕ್ಕೆ ಬೇರೆ ಮರವೆಂದು ಆರಿಸಿ, ಒಂದೊಂದು ಅಂಗವನ್ನೂ ಫ್ರೆಟ್ ಗರಗಸದಿಂದ ಕೊಯ್ಯುತ್ತಾನೆ. ಬೀಟೆಯ ಹಲಗೆಯಲ್ಲಿ ಅದರ ಅಳತೆಗೆ ಸರಿಯಾಗಿ ಉಳಿಯಿಂದ ಗುಳಿ ತೋಡಿ, ಅಂಟು ಹಾಕಿ ಕೂಡಿಸಿ, ಉಜ್ಜಿ, ಮೆರುಗು ಕೊಡುತ್ತಾನೆ. ಹಿಂದೆ ಬಿಳಿಯ ಭಾಗಕ್ಕೆ ಆನೆಯ ದಂತವೇ ಆಗಬೇಕಿತ್ತು. 1897ರ ಬೆಂಕಿಯ ನಂತರ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆಯ ಅಂಬಾವಿಲಾಸದ ಬಾಗಿಲುಗಳಲ್ಲಿ ಆ ದಂತದ ಕೆಲಸವನ್ನು ನೋಡಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನೂ ಅದರ ಮುಂದಿನ ತಿದ್ದುಪಡಿಗಳೂ ಬಂದ ಮೇಲೆ ದಂತ ಹೋಯಿತು. ಬಿಳಿಯ ಮರವೂ ಪ್ಲಾಸ್ಟಿಕ್ಕೂ ಬಂದವು. ಆನೆ ಉಳಿಯಬೇಕಾದುದು ನ್ಯಾಯವೇ. ಕುಶಲಿಯ ಪಾಡು ಬೇರೆ. ಈಗ ಲೇಸರ್ ಯಂತ್ರವು ಅವನು ಅರ್ಧ ದಿನ ಕೊಯ್ಯುವುದನ್ನು ನಿಮಿಷಗಳಲ್ಲಿ ಕೊಯ್ಯುತ್ತದೆ, ಕೊಳ್ಳುವವರು ಎರಡಕ್ಕೂ ಒಂದೇ ಬೆಲೆ ಕಟ್ಟುತ್ತಾರೆ. ಮುಂದಿನ ಸಲ ಮೈಸೂರಿನ ಅಂಗಡಿಯಲ್ಲಿ ಚೌಕಾಸಿ ಮಾಡುವ ಮುನ್ನ ಹಲಗೆಯಲ್ಲಿ ಎಷ್ಟು ಚೂರುಗಳಿವೆಯೆಂದು ಎಣಿಸಿ ನೋಡಬೇಕೆಂದು ನನ್ನ ವಿನಂತಿ.

ನಿವೃತ್ತನಾದ ಮೇಲೆ ನಾನೂ ಒಂದು ಫ್ರೆಟ್ ಗರಗಸ, ಒಂದು ಡಜನ್ ಅಲಗು, ಸ್ವಲ್ಪ ಪ್ಲೈವುಡ್ ಕೊಂಡು ತಂದೆ. ಮೊದಲ ವಾರ ಅಲಗು ಮುರಿದದ್ದೇ ಹೆಚ್ಚು. ತಿರುವಿನಲ್ಲಿ ಅವಸರ ಮಾಡಬಾರದು, ನಿಂತಲ್ಲೇ ಆಡಿಸುತ್ತ ಮೆಲ್ಲಗೆ ಹಲಗೆಯನ್ನು ತಿರುಗಿಸಬೇಕೆಂಬುದು ಆಮೇಲೆ ಕೈಗೆ ಬಂದಿತು. ಸ್ಪಿಲ್ಸ್‌ಬರಿಯ ದಾರಿ ಹಿಡಿದು ಮೊಮ್ಮಗಳಿಗೆಂದು ಕರ್ನಾಟಕದ ಪಟವನ್ನು ಎರಡು ಬಗೆಯಲ್ಲಿ ಕೊಯ್ದೆ. ಒಂದರಲ್ಲಿ ಇಂದಿನ 31 ಜಿಲ್ಲೆಗಳು. ಇನ್ನೊಂದು 1956ರ ನವೆಂಬರ್ 1ರ ಹಿಂದಿನ ದಿನದ್ದು: 1953ರಲ್ಲೇ ಬಳ್ಳಾರಿ ಸೇರಿದ್ದ ಮೈಸೂರು ಒಂದು ತುಂಡು, ಮುಂಬಯಿಯಿಂದ ಬಂದ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಒಂದು, ಹೈದರಾಬಾದಿನ ಬೀದರ, ಗುಲ್ಬರ್ಗ, ರಾಯಚೂರು ಒಂದು, ಕೊಡಗು ಒಂದು. ಮದರಾಸಿನದಕ್ಕೆ ಮಾತ್ರ ಎರಡು ತುಂಡು ಬೇಕಾಯಿತು, ದಕ್ಷಿಣ ಕನ್ನಡ ಒಂದು ಮೂಲೆ, ಕೊಳ್ಳೇಗಾಲ ಇನ್ನೊಂದು ಮೂಲೆ.

ಶಾಲೆಯಲ್ಲಿ ಕನ್ನಡ ಕಲಿಯದ ಹುಡುಗಿ ಆರು ತುಂಡುಗಳನ್ನೂ ಜೋಡಿಸಿ, “ಅಜ್ಜಾ, ಇದರಲ್ಲಿ ಮುಂಬಯಿ ಎಲ್ಲಿ?” ಎಂದಳು. ಇಲ್ಲವೆಂದೆ. ನನ್ನ ತಂದೆ ಹುಟ್ಟಿದಾಗ ನಮ್ಮ ಧಾರವಾಡವೇ ಮುಂಬಯಿ ಇಲಾಖೆಯಲ್ಲಿತ್ತು ಎಂದೂ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಆಗ ನಿಮ್ಮ ಊರಿಗೂ ನಮ್ಮ ಊರಿಗೂ ಒಂದೇ ತುಂಡು ಸಾಕಾಗಿತ್ತಲ್ಲ” ಎಂದಳು. ಈಗ ಕೊಡಗಿನ ತುಂಡು ಕಪಾಟಿನ ಕೆಳಗೆ ಎಲ್ಲೋ ಸೇರಿಕೊಂಡಿದೆ. ಇನ್ನೊಂದು ಕೊಯ್ಯಬೇಕು, ಡಜನ್ನಿನಲ್ಲಿ ಉಳಿದಿರುವ ಅಲಗು ಎರಡೇ.