ಒಂಬತ್ತು ತಿಂಗಳ ಲೆಕ್ಕ ಎಲ್ಲಿಂದ ಬಂತು

1895ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಸರ್ಜನ್ ಮೇಯೊ ರಾಬ್ಸನ್ ಅವರ ಬಳಿಗೆ 41 ವರ್ಷದ ಗಣಿ ಕಾರ್ಮಿಕನೊಬ್ಬ ಬಂದ. ಗಣಿಯಲ್ಲಿ ಮಣ್ಣು ಕುಸಿದು ಮೇಲೆ ಬಿದ್ದು ಎಂಟು ತಿಂಗಳಾಗಿದ್ದರೂ ಅವನ ಮಂಡಿ ನಿಲ್ಲುತ್ತಿರಲಿಲ್ಲ. ರಾಬ್ಸನ್ ಕೀಲು ತೆರೆದು ನೋಡಿದರು. ನಡುವೆ ಕತ್ತರಿಯಂತೆ ಅಡ್ಡ ಹಾಯುವ ಎರಡೂ ಲಿಗಮೆಂಟುಗಳು ಹರಿದಿದ್ದವು. ಕ್ಯಾಟ್‌ಗಟ್ ದಾರದಿಂದ ಹೊಲಿದರು. ಆರು ವರ್ಷದ ಮೇಲೆ ವಿಚಾರಿಸಿದಾಗ ಆತ ಗಣಿಯಲ್ಲಿ ದುಡಿಯುತ್ತಿದ್ದ.

ಕಬಡ್ಡಿ ಹುಡುಗರ ಮಂಡಿಗೆ ಫಿಸಿಯೋಥೆರಪಿ ಕೊಡುವುದು ನನ್ನ ದಿನನಿತ್ಯದ ಕೆಲಸ. ಈ ಕಾರ್ಮಿಕನ ಮೇಲೆ ನನಗೆ ತುಂಬ ಅಕ್ಕರೆ. ಆದರೆ ಅವನು ಗುಣವಾದದ್ದು ಅಪರೂಪ ಎಂದು ತಿಳಿಯಲು ವೈದ್ಯಲೋಕಕ್ಕೆ ಬಹಳ ಕಾಲ ಬೇಕಾಯಿತು. ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯ ಕೆಡೆಟ್‌ಗಳಿಗೆ ಮುಂದಿನ ಅಡ್ಡ ಲಿಗಮೆಂಟ್, ಅಂದರೆ ಈಗ ಎಲ್ಲರ ಬಾಯಲ್ಲಿರುವ ಎಸಿಎಲ್ ಹೊಲಿದಿದ್ದ ಫೀಗಿನ್ ಮತ್ತು ಕರ್ಲ್ 1976ರಲ್ಲಿ ಐದು ವರ್ಷದ ಫಲಿತಾಂಶ ಪ್ರಕಟಿಸಿದರು. ಮೊದಲೆರಡು ವರ್ಷ ಚೆನ್ನಾಗಿದ್ದ ಮಂಡಿಗಳು ಆಮೇಲೆ ಒಂದೊಂದಾಗಿ ಸಡಿಲಗೊಂಡಿದ್ದವು.

ಕಾರಣ ಮಂಡಿಯ ರಚನೆಯಲ್ಲೇ ಇದೆ. ಒಳಬದಿಯ ಪಕ್ಕದ ಲಿಗಮೆಂಟ್ ಕೀಲಿನ ಹೊರಗಿದೆ. ಅದು ಹರಿದರೆ ರಕ್ತ ಸುರಿದು ಅಲ್ಲೇ ಹೆಪ್ಪುಗಟ್ಟುತ್ತದೆ, ಆ ಹೆಪ್ಪಿನ ಮೇಲೆ ಹೊಸ ನಾರು ಬೆಳೆಯುತ್ತದೆ. ಬಹುಪಾಲು ಜನರಿಗೆ ಬ್ರೇಸ್ ಹಾಕಿ ಕೆಲವು ವಾರ ವ್ಯಾಯಾಮ ಮಾಡಿಸಿದರೆ ಸಾಕು. ಎಸಿಎಲ್ ಇರುವುದು ಕೀಲಿನ ನಟ್ಟನಡುವೆ, ತೆಳುವಾದ ಪೊರೆಯೊಂದರ ಹೊದಿಕೆಯಲ್ಲಿ. ಅದಕ್ಕೆ ರಕ್ತ ಬರುವುದೂ ಮುಖ್ಯವಾಗಿ ಮಂಡಿಯ ಹಿಂದಿನ ಒಂದು ಸಣ್ಣ ರಕ್ತನಾಳದಿಂದ. ಲಿಗಮೆಂಟ್ ಹರಿದಾಗ ಪೊರೆಯೂ ಹರಿಯುತ್ತದೆ, ಕೀಲುರಸ ನುಗ್ಗಿ ಹೆಪ್ಪು ನಿಲ್ಲದಂತೆ ಮಾಡುತ್ತದೆ, ಹರಿದ ತುದಿಗಳು ದೂರ ಸರಿಯುತ್ತವೆ. ಎಷ್ಟು ಅಚ್ಚುಕಟ್ಟಾಗಿ ಹೊಲಿದರೂ ನಡುವೆ ಬೆಸುಗೆ ಬೆಳೆಯಲು ಆಸರೆಯೇ ಇಲ್ಲ.

ಹೊಲಿಯುವ ಬದಲು ಬೇರೆಯದನ್ನೇ ಹಾಕುವ ಯೋಚನೆ ಹಳೆಯದು. ಬ್ರಿಸ್ಟಲ್‌ನ ಹೇ ಗ್ರೋವ್ಸ್ 1917ರಲ್ಲೇ ತೊಡೆಯ ಹೊರಬದಿಯ ಪಟ್ಟಿಯನ್ನು ಮೂಳೆಯೊಳಗೆ ಕೊರೆದ ದಾರಿಯಲ್ಲಿ ಹಾಯಿಸಿದ್ದರು. 1963ರಲ್ಲಿ ಕೆನೆತ್ ಜೋನ್ಸ್ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಬಳಸಿದರು. ಆಪರೇಷನ್ ಆದಮೇಲೆ ಮಾತ್ರ ವಾರಗಟ್ಟಲೆ ಪ್ಲಾಸ್ಟರ್. ಬಿಚ್ಚಿದಾಗ ತೊಡೆ ಸೊರಗಿರುತ್ತಿತ್ತು, ಮಂಡಿ ಪೂರ್ತಿ ನೀಡಲು ಬರುತ್ತಿರಲಿಲ್ಲ. ಮಂಡಿ ನೆಟ್ಟಗಾಗದಿದ್ದರೆ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿಯುವುದೇ ಇಲ್ಲ, ನಡಿಗೆ ಕುಂಟುತ್ತಲೇ ಉಳಿಯುತ್ತದೆ.

ಈ ಪ್ಲಾಸ್ಟರ್ ಪದ್ಧತಿಯನ್ನು ತಿದ್ದಿದ್ದು ಮಾತು ಕೇಳದ ರೋಗಿಗಳು. ಇಂಡಿಯಾನಾಪೊಲಿಸ್‌ನ ಸರ್ಜನ್ ಡೊನಾಲ್ಡ್ ಶೆಲ್‌ಬೋರ್ನ್, ನಿರ್ಬಂಧ ಮೀರಿ ಬೇಗ ಓಡಾಡಿದವರ ಮಂಡಿಗಳೇ ಚೆನ್ನಾಗಿರುವುದನ್ನು ಗಮನಿಸಿದರು. ಅವರನ್ನು ಗದರಿಸಿ ಕಳಿಸದೆ, ಅವರಿಂದ ಕಲಿತದ್ದನ್ನು 1990ರಲ್ಲಿ ನಿಟ್ಜ್ ಜೊತೆ ಪ್ರಕಟಿಸಿದರು: ಮೊದಲ ದಿನದಿಂದಲೇ ಮಂಡಿ ಪೂರ್ತಿ ನೀಡಿಸಿ, ಬೇಗ ಭಾರ ಹಾಕಿಸಿ. ಇವತ್ತು ಆಪರೇಷನ್ ಆದ ಮರುದಿನ ನಾನು ಹಿಮ್ಮಡಿಯ ಕೆಳಗೆ ಟವೆಲ್ ಸುತ್ತಿಟ್ಟು ಮಂಡಿಯನ್ನು ಮಂಚಕ್ಕೆ ಒತ್ತಿಸುತ್ತೇನಲ್ಲ, ಅದರ ಹಿಂದೆ ಇರುವುದು ಆ ರೋಗಿಗಳ ಹಟ.

ಆದರೆ ಮಂಡಿ ಬೇಗ ಆಡಿದ ಮಾತ್ರಕ್ಕೆ ಲಿಗಮೆಂಟಿನ ಬದಲು ಒಳಗೆ ಕೂರಿಸಿದ ಪಟ್ಟಿ, ಅಂದರೆ ಗ್ರಾಫ್ಟ್, ಬೇಗ ಬಲಿಯುವುದಿಲ್ಲ. ಕೂರಿಸಿದ ಗ್ರಾಫ್ಟ್‌ಗೆ ತನ್ನದೇ ರಕ್ತ ಸಂಚಾರ ಇರುವುದಿಲ್ಲ. ಅದರ ಜೀವಕೋಶಗಳು ಬಹುತೇಕ ಸಾಯುತ್ತವೆ. ಆಮೇಲೆ ಸುತ್ತಲಿನಿಂದ ಹೊಸ ನಾಳಗಳು, ಹೊಸ ಕೋಶಗಳು ಒಳಹೊಕ್ಕು ಅದನ್ನು ನಿಧಾನವಾಗಿ ಲಿಗಮೆಂಟಿನಂತೆ ಮಾರ್ಪಡಿಸುತ್ತವೆ. 1986ರಲ್ಲಿ ಡೇವಿಡ್ ಅಮಿಯೆಲ್ ತಂಡ ಮೊಲಗಳಲ್ಲಿ ಈ ಬದಲಾವಣೆಯನ್ನು ತೋರಿಸಿತು. ನಡುವಿನ ತಿಂಗಳುಗಳಲ್ಲಿ ಗ್ರಾಫ್ಟ್ ಹಾಕಿದ ದಿನಕ್ಕಿಂತಲೂ ಬಲಹೀನ. 2016ರ ನಾರ್ವೆ–ಅಮೆರಿಕ ಅಧ್ಯಯನವೊಂದರಲ್ಲಿ, ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯುತ್ತಿತ್ತು.

ಹುಡುಗರಿಗೆ ತೊಂದರೆ ಬರುವುದು ಸರಿಯಾಗಿ ಆ ನಡುವಿನ ತಿಂಗಳುಗಳಲ್ಲೇ. ಊತ ಇಳಿದಿರುತ್ತದೆ, ಮೆಟ್ಟಿಲು ಸಲೀಸು. 'ಮೇಡಂ, ಐತವಾರ ಟೂರ್ನಮೆಂಟ್ ಐತ್ರಿ, ಒಂದ ರೈಡ್ ಹೋಗಿ ಬರ್ತೇನ್ರಿ' ಅನ್ನುತ್ತಾರೆ. ಆಪರೇಷನ್ ಆದ ಕಾಲು ಇನ್ನೂ ಎಷ್ಟು ಸೊರಗಿದೆ ಎಂದು ತೋರಿಸಲು ಅಂಥವರ ಎರಡೂ ತೊಡೆಗಳನ್ನು ಟೇಪ್ ಹಿಡಿದು ಅವರ ಕಣ್ಣೆದುರೇ ಅಳೆಯುತ್ತೇನೆ. ಒಂಟಿಕಾಲಿನ ಜಿಗಿತದ ಪರೀಕ್ಷೆಗೆ ಇನ್ನೂ ಕಾಲ ಬಂದಿರುವುದಿಲ್ಲ. ಅದು ಬಂದಾಗಲೂ ಪೆಟ್ಟಾಗದ ಕಾಲಿನ ಜಿಗಿತದ ಶೇಕಡ 90ರಷ್ಟು ದೂರವಾದರೂ ಜಿಗಿಯದೆ ನಾನು ಯಾರನ್ನೂ ಮ್ಯಾಟ್‌ಗೆ ಇಳಿಸುವುದಿಲ್ಲ.