ಯಶೋಧರನ ನಿರ್ಣಯ ಮತ್ತು ಮೂಢದೃಷ್ಟಿಯ ವಿಚಾರ

ವಾದಿರಾಜಸೂರಿಯ ಸಂಸ್ಕೃತ 'ಯಶೋಧರಚರಿತ'ವು 1963ರಲ್ಲಿ ಕೆ. ಕೃಷ್ಣಮೂರ್ತಿಯವರ ಸಂಪಾದಕತ್ವದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಜನ್ನಕವಿಯು 1209ರಲ್ಲಿ ರಚಿಸಿದ 'ಯಶೋಧರಚರಿತೆ'ಗೆ ವಾದಿರಾಜನ ಕೃತಿಯೇ ಆಕರವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದುದರಿಂದ ಈ ಮುದ್ರಣವು ಕನ್ನಡ ಕಾವ್ಯದ ಅಧ್ಯಯನಕ್ಕೂ ಉಪಕಾರಕವಾಯಿತು. ಉಜ್ಜಯಿನಿಯ ಅರಸನು ತನ್ನ ಪತನವನ್ನು ತಾನೇ ತಂದುಕೊಂಡದ್ದು ಯಾವ ನಿರ್ಣಯದಿಂದ ಎಂಬ ಪ್ರಶ್ನೆಯನ್ನು ಈ ಕೃತಿಗಳನ್ನು ಎದುರುಬದುರಾಗಿರಿಸಿ ವಿಚಾರಿಸುವುದು ಯುಕ್ತ.

ರಾಣಿ ಅಮೃತಮತಿಯು ಮಾವುತ ಅಷ್ಟಾವಂಕನ ಗಾನಕ್ಕೆ ಮನಸೋತು ಅವನನ್ನು ಕೂಡಿದುದು ಕಥೆಯ ನಿಮಿತ್ತಮಾತ್ರ. ಯಶೋಧರನು ಅದನ್ನು ಕಣ್ಣಾರೆ ಕಂಡನು. ಖಡ್ಗಕ್ಕೆ ಕೈಯಿಕ್ಕಿಯೂ ತಡೆದನು. ಅಲ್ಲಿಯವರೆಗೆ ಅವನ ವಿವೇಕ ಕೆಟ್ಟಿಲ್ಲ. ಕೆಟ್ಟದ್ದು ಮರುದಿನ, ತಾಯಿ ಚಂದ್ರಮತಿಯ ಮುಂದೆ. ನಡೆದುದನ್ನು ಹೇಳಲಾರದೆ ಕನಸಿನ ನೆಪದಲ್ಲಿ ಮರೆಸಿ ನುಡಿದನು. ಅದನ್ನು ದುಃಸ್ವಪ್ನವೆಂದೇ ನಂಬಿದ ತಾಯಿ ಶಾಂತಿಗಾಗಿ ಚಂಡಮಾರಿಗೆ ಬಲಿಯನ್ನು ವಿಧಿಸಿದಳು. ಜೀವಬಲಿಯನ್ನು ಒಲ್ಲೆನೆಂದ ಮಗನು ಕಡೆಗೆ ಹಿಟ್ಟಿನ ಕೋಳಿಗೆ ಒಪ್ಪಿದನು. ಹಿಟ್ಟಿನಲ್ಲಿ ಜೀವವಿಲ್ಲ, ಆದುದರಿಂದ ಹಿಂಸೆಯಿಲ್ಲ. ತಾಯಿಯ ಮಾತೂ ನಡೆಯಿತು, ವ್ರತವೂ ಉಳಿಯಿತು ಎಂಬುದು ಅವನ ಎಣಿಕೆ. ವ್ಯಂತರವು ಹೊಕ್ಕಿದ್ದ ಆ ಕೋಳಿ ಕತ್ತಿ ತಗಲಿದೊಡನೆ ಕೂಗಿತು.

ಇಷ್ಟು ಅಲ್ಪ ದೋಷಕ್ಕೆ ಭವಭವಗಳ ತಿರ್ಯಗ್ದುಃಖವೇ ಎಂದು ಆಕ್ಷೇಪಿಸುವವರುಂಟು. ಮುಗ್ಧನನ್ನು ಕವಿಯು ಅತಿಯಾಗಿ ದಂಡಿಸಿದನೆಂಬುದು ಅವರ ವಾದ. ಆದರೆ ಪ್ರಾಣವಿಯೋಗವೊಂದೇ ಹಿಂಸೆಯಲ್ಲ, ಪ್ರಮತ್ತಯೋಗವೇ ಅದರ ಮೂಲವೆಂಬ ಆಗಮಮಾರ್ಗವನ್ನು ಬಲ್ಲವರಿಗೆ ಈ ಆಕ್ಷೇಪವು ನಿಲ್ಲುವಂತಹುದಲ್ಲ. ಕೊಲ್ಲುವ ಸಂಕಲ್ಪದಿಂದಲೇ ಕತ್ತಿಯೆತ್ತಿದವನಿಗೆ ಎದುರಿನ ವಸ್ತು ಹಿಟ್ಟಾದರೇನು? ಅಮೃತಚಂದ್ರಸೂರಿಯ 'ಪುರುಷಾರ್ಥಸಿದ್ಧ್ಯುಪಾಯ'ವು ಇದನ್ನೇ ವಿಸ್ತರಿಸಿ ನಿರೂಪಿಸಿದೆ.

ಇನ್ನೊಂದು ಅಂಶಕ್ಕೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಪಂಪನಿಗೆ ಆಶ್ರಯದಾತನಾಗಿದ್ದ ಅರಿಕೇಸರಿಯ ಮಗ ವಾಗರಾಜನ ಕಾಲದಲ್ಲಿ, ಶಕ 881ರಲ್ಲಿ (ಕ್ರಿ.ಶ. 959) ಗಂಗಧಾರದಲ್ಲಿ ಸೋಮದೇವಸೂರಿಯು 'ಯಶಸ್ತಿಲಕ'ವನ್ನು ಪೂರ್ಣಗೊಳಿಸಿದನು. ಅದರಲ್ಲಿ ಯಶೋಧರನು ತಾಯಿಯೊಡನೆ ದೀರ್ಘವಾಗಿ ವಾದಿಸಿ ಜಿನಧರ್ಮವನ್ನು ಸಮರ್ಥಿಸುತ್ತಾನೆ. ಅಂದರೆ ಅವನು ಅರಿಯದವನಲ್ಲ. ಅರಿತೂ ಮಾತೃಮೋಹಕ್ಕೆ ಸೋತವನು. ಶಾಸ್ತ್ರದ ಪರಿಭಾಷೆಯಲ್ಲಿ ಇದು ಮುಗ್ಧತೆಯಲ್ಲ, ದೇವಮೂಢತೆ. ಸಮ್ಯಗ್ದರ್ಶನದ ಅಮೂಢದೃಷ್ಟಿಯೆಂಬ ಅಂಗದ ಲೋಪ. ಅದೇ ಗ್ರಂಥದ ಕೊನೆಯ ಮೂರು ಆಶ್ವಾಸಗಳ ಉಪಾಸಕಾಧ್ಯಯನದಲ್ಲಿ ಆ ಅಂಗಕ್ಕೆ ನಿದರ್ಶನವಾಗಿ ರೇವತಿರಾಣಿಯ ಕಥೆ ಬರುವುದು ಆಕಸ್ಮಿಕವೆಂದು ತೋರದು. ಕಣ್ಣೆದುರು ಮಾಯಾದೇವತೆಗಳು ನಿಂತರೂ ರೇವತಿ ಚಲಿಸಲಿಲ್ಲ. ಯಶೋಧರನನ್ನು ಚಲಿಸಲು ತಾಯಿಯ ಕಣ್ಣೀರೇ ಸಾಕಾಯಿತು.

ಜನ್ನನು ಈ ವಾದಪ್ರಪಂಚವನ್ನು ಸಂಗ್ರಹಿಸಿ ನಾಲ್ಕು ಅವತಾರಗಳ ಪುಟ್ಟ ಕಾವ್ಯದಲ್ಲಿ ಮನಸ್ಸಿನ ತೊಳಲಾಟಕ್ಕೇ ಎಡೆಗೊಟ್ಟನು. ಓದುಗನ ಅನುಕಂಪವು ಅರಸನ ಕಡೆಗೆ ಹರಿಯುವುದು ಇದರಿಂದಲೇ. ಕಾವ್ಯಕ್ಕೆ ಇದು ಗುಣವಾದರೂ ದೋಷದ ಗುರುತ್ವವು ಕೆಲವರಿಗೆ ಮರೆಯಾದುದಕ್ಕೂ ಇದೇ ಕಾರಣ. 1980ರಲ್ಲಿ ಬಂದ ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕವು ಈ ಸಂಕಲ್ಪಹಿಂಸೆಯ ಪ್ರಶ್ನೆಯನ್ನೇ ರಂಗಕ್ಕೆ ತಂದಿತು.

ಅರಸನ ಎರಡನೆಯ ತಪ್ಪೆಣಿಕೆಯೂ ಮೊದಲನೆಯದರ ಸಂತತಿಯೇ. ವೈರಾಗ್ಯ ಹುಟ್ಟಿ, ಮಗ ಯಶೋಮತಿಗೆ ರಾಜ್ಯವನ್ನೊಪ್ಪಿಸಿ ತಪಸ್ಸಿಗೆ ಹೊರಟವನು, ಅಮೃತಮತಿಯ ಶೀಲವನ್ನು ಬಲ್ಲವನಾಗಿಯೂ ಅವಳು ಕರೆದ ಔತಣಕ್ಕೆ ತಾಯಿಯೊಡನೆ ಕುಳಿತನು. ಅನ್ನದಲ್ಲಿ ವಿಷವಿದ್ದಿತು. ಮಗನು ನವಿಲಾಗಿಯೂ ತಾಯಿ ನಾಯಿಯಾಗಿಯೂ ಹುಟ್ಟಿದರು. ಅಲ್ಲಿಂದ ಮುಂದೆ ಹಲವು ಜನ್ಮಗಳನ್ನು ಕಳೆದು ಕಡೆಗೆ ಇಬ್ಬರೂ ಕೋಳಿಗಳೇ ಆದರು, ಈ ಸಲ ಹಿಟ್ಟಿನವಲ್ಲ. ಮುನಿಯ ಬಾಯಿಂದ ಧರ್ಮವನ್ನು ಕೇಳಿ ಹರ್ಷದಿಂದ ಕೂಗಿದ ಆ ಜೋಡಿಯನ್ನು, ದನಿಯ ಜಾಡು ಹಿಡಿದು ಎಚ್ಚ ಬಾಣದಿಂದ ಕೊಂದವನು ಯಶೋಮತಿಯೇ. ಅವನ ರಾಣಿ ಕುಸುಮಾವಳಿಯ ಗರ್ಭದಲ್ಲಿ ಅವರು ಅಭಯರುಚಿ, ಅಭಯಮತಿ ಎಂಬ ಅವಳಿಗಳಾಗಿ ಜನಿಸಿದರು. ಮಾರಿದತ್ತನು ಬಲಿಗೆಂದು ಹಿಡಿತರಿಸಿ ಚಂಡಮಾರಿಯ ಮುಂದೆ ನಿಲ್ಲಿಸಿದ್ದು ಇವರನ್ನೇ. ಅವನೆತ್ತಿದ ಕತ್ತಿಯೆದುರು ಅಭಯರುಚಿಯು ಈ ಕಥೆಯೆಲ್ಲವನ್ನೂ ಹೇಳಿದನು.